ಪ್ಯಾರಿಸ್ ಬೆಟ್ಟದ ತಾಮ್ರ: ದುಡ್ಡು ಎಲ್ಲಿಗೆ ಹೋಯ್ತು, ಊರಿಗೆ ಉಳಿದಿದ್ದೇನು?

ಲಿವರ್‌ಪೂಲ್ ಕನ್ನಡಿಗ

ಮೊದಲೇ ಹೇಳಿಬಿಡ್ತೀನಿ, ಇದು ಐಫೆಲ್ ಗೋಪುರದ ಪ್ಯಾರಿಸ್ ಅಲ್ಲ. ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ ಆಂಗ್ಲೆಸಿ ಅನ್ನೋ ದ್ವೀಪ ಇದೆ. ಅದರ ಉತ್ತರ ಕರಾವಳಿಯಲ್ಲಿ ಆಮ್ಲುಖ್ ಅಂತ ಸಣ್ಣ ಊರು, ಊರಿನ ಬೆನ್ನಿಗೆ ಈ ಪ್ಯಾರಿಸ್ ಬೆಟ್ಟ. ಬೆಟ್ಟ ಅನ್ನೋಕೂ ಸಂಕೋಚ, ಎತ್ತರ ಬರೀ 147 ಮೀಟರ್. ನಮ್ಮ ಕಡೆ ಆಗಿದ್ರೆ ಮರಡಿ ಅಂತ ಕರೆದು ಸುಮ್ಮನಾಗ್ತಿದ್ವಿ. ಆದರೆ 1780ರ ದಶಕದಲ್ಲಿ ಯುರೋಪಿನಲ್ಲೇ ಅತಿ ದೊಡ್ಡ ತಾಮ್ರದ ಗಣಿ ಇದ್ದದ್ದು ಇಲ್ಲಿ.

ಈಗ ಮೇಲೆ ಹತ್ತಿದರೆ ಕಾಣೋದು ಕೆಂಪು, ಹಳದಿ, ನೇರಳೆ ಬಣ್ಣದ ಬೋಳು ಕಲ್ಲುರಾಶಿ. ನಡುವೆ ಒಂದು ಭಾರೀ ಕುಳಿ. ಯಂತ್ರ ಇಲ್ಲದ ಕಾಲದಲ್ಲಿ ಗುದ್ದಲಿ, ಉಳಿ, ಸಿಡಿಮದ್ದು ಇಟ್ಟುಕೊಂಡು ಜನ ತೋಡಿದ್ದು. ಗಣಿ ನಿಂತು ನೂರು ವರ್ಷ ದಾಟಿದರೂ ಎಷ್ಟೋ ಕಡೆ ಹುಲ್ಲು ಹುಟ್ಟಿಲ್ಲ.

ಕಥೆ ಶುರುವಾಗೋದು 1764ರಲ್ಲಿ. ಮ್ಯಾಕಲ್ಸ್‌ಫೀಲ್ಡ್‌ನ ಚಾರ್ಲ್ಸ್ ರೋ ಎಂಬವನ ಕಂಪನಿಗೆ ಬೇಕಾಗಿದ್ದದ್ದು ಬೇರೆ ಕಡೆಯ ಸೀಸದ ಗಣಿ. ಜಮೀನ್ದಾರ ಸರ್ ನಿಕೊಲಸ್ ಬೇಲಿ, ಸೀಸ ಬೇಕಾದ್ರೆ ಈ ಬೆಟ್ಟವನ್ನೂ ಅಗೆಯಬೇಕು ಅಂತ ಷರತ್ತು ಹಾಕಿ ಗುತ್ತಿಗೆ ಕೊಟ್ಟ. ನಾಲ್ಕು ವರ್ಷ ಅಗೆದರೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಇನ್ನು ನಿಲ್ಲಿಸಿ ಅಂತ ಅಪ್ಪಣೆ ಬಂದ ಮೇಲೆ, 1768ರ ಮಾರ್ಚ್ 2ರಂದು, ಕೊನೇ ಪ್ರಯತ್ನದಲ್ಲಿ ರೋಲಂಡ್ ಪು ಎಂಬ ಸ್ಥಳೀಯ ಕೆಲಸಗಾರನಿಗೆ ಅದಿರಿನ ದೊಡ್ಡ ಪಟ್ಟಿ ಸಿಕ್ಕಿತು, ಅದೂ ನೆಲದಿಂದ ಕೆಲವೇ ಅಡಿ ಕೆಳಗೆ. ಅವನಿಗೆ ಸಿಕ್ಕ ಇನಾಮು ಒಂದು ಬಾಟ್ಲಿ ವಿಸ್ಕಿ ಮತ್ತು ಸಾಯೋತನಕ ಬಾಡಿಗೆ ಇಲ್ಲದ ಮನೆ.

ಊರಿನ ಬಂದರಿನಲ್ಲಿ ಈಗ ಚೆಂದದ ವಸ್ತುಸಂಗ್ರಹಾಲಯ ಇದೆ. ಬ್ರಿಟಿಷ್ ನೌಕಾಪಡೆ ಗೆದ್ದದ್ದೇ ನಮ್ಮ ತಾಮ್ರದಿಂದ ಅನ್ನೋ ಧಾಟಿ ಅಲ್ಲಿಯದು. ನನಗೆ ತಲೆ ತಿಂತಾ ಇರೋದು ಶೀರ್ಷಿಕೆಯಲ್ಲಿರೋ ಪ್ರಶ್ನೆ. ಚಿತ್ರದುರ್ಗದ ಹತ್ತಿರ ತಾಮ್ರದ ಗಣಿ ಇದ್ದ ಇಂಗಳದಾಳ್ ಕಡೆಯವರು, ಕೆಜಿಎಫ್‌ನವರು ಯಾರಾದ್ರೂ ಇದ್ರೆ ಬರೀರಿ.

ನಾಣ್ಯದ ಹುಚ್ಚ

ನನ್ನ ಹತ್ರ ಈ ಗಣಿಯ ಒಂದು ಪೆನ್ನಿ ಇದೆ! ಒಂದು ಮುಖದಲ್ಲಿ ಓಕ್ ಎಲೆಗಳ ಮಾಲೆಯೊಳಗೆ ಗಡ್ಡದ ಡ್ರುಯಿಡ್ ಮುನಿ, ಇನ್ನೊಂದು ಮುಖದಲ್ಲಿ ಕಂಪನಿಯ ಹೆಸರಿನ ಮೊದಲಕ್ಷರಗಳ ಹೆಣಿಗೆ. ಕೇಳಿದಾಗ ಒಂದು ಪೆನ್ನಿ ಕೊಡುತ್ತೇವೆ ಅಂತ ವಾಗ್ದಾನ ಕೂಡ ಅದರ ಮೇಲೇ ಅಚ್ಚಾಗಿದೆ.

ಹಿನ್ನೆಲೆ ಹೇಳ್ತೀನಿ. ಆಗ ಇಂಗ್ಲೆಂಡಿನ ಸರ್ಕಾರಿ ಟಂಕಸಾಲೆ ತಾಮ್ರದ ಚಿಲ್ಲರೆ ಹೊಡೆಯೋದನ್ನೇ ಹೆಚ್ಚುಕಡಿಮೆ ಬಿಟ್ಟಿತ್ತು. ಬಜಾರಿನಲ್ಲಿ ಓಡಾಡ್ತಿದ್ದದ್ದು ಬಹುಪಾಲು ಖೋಟಾ ಕಾಸು. ವಾರದ ಕೂಲಿ ಕೊಡೋಕೆ ಚಿಲ್ಲರೆ ಇಲ್ಲ, ಆದರೆ ಮನೆ ತುಂಬ ತಾಮ್ರ. ಹಾಗಾಗಿ 1787ರಿಂದ ಕಂಪನಿ ತನ್ನದೇ ಪೆನ್ನಿ ಹೊಡೆಯಿತು. ತೂಕ ಪ್ರಾಮಾಣಿಕ, ಅಚ್ಚು ಸೊಗಸು. ಜನ ಸರ್ಕಾರದ ಕಾಸಿಗಿಂತ ಇದನ್ನೇ ನಂಬಿದರು. ಆಮೇಲೆ ದೇಶದ ತುಂಬ ವ್ಯಾಪಾರಿಗಳು ಇದನ್ನೇ ನೋಡಿ ತಮ್ಮ ತಮ್ಮ ಟೋಕನ್ ಹೊರಡಿಸಿದರು.

1789ರಲ್ಲಿ ಈ ಅಚ್ಚಿನ ಕೆಲಸ ಬರ್ಮಿಂಗ್‌ಹ್ಯಾಮ್ ಬಳಿಯ ಮ್ಯಾಥ್ಯೂ ಬೋಲ್ಟನ್‌ನ ಸೋಹೋ ಟಂಕಸಾಲೆಗೆ ಹೋಯಿತು. ಅದೇ ಸೋಹೋದಲ್ಲಿ 1803 ಮತ್ತು 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯಕ್ಕಾಗಿ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯ ಮಾಡಿಸಿತು. ಬಳ್ಳಾರಿ, ಮಂಗಳೂರು ಆಗ ಮದ್ರಾಸಿಗೇ ಸೇರಿದ್ದವು. ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ದಪ್ಪನೆಯ ಇಪ್ಪತ್ತು ಕಾಸು ಸಿಕ್ಕವರು ಇಲ್ಲಿ ಇರಬಹುದು, ಕರಗಿಸಬೇಡಿ ಮಾರಾಯ್ರೆ.

ಚಾಂಪಿಯನ್ ರೀಫ್

ನಾನು ಕೆಜಿಎಫ್‌ನವನು ಸಾರ್. ಬಾಟ್ಲಿ ವಿಸ್ಕಿ ಕಥೆ ಓದಿ ನಗು ಬಂತು, ಆಮೇಲೆ ನಗು ಹೋಯ್ತು.

ಅಲ್ಲಿ ಕೂಲಿ ಹೇಗೆ ಕೊಡ್ತಿದ್ರು ಅನ್ನೋದನ್ನ ನೋಡ್ಬೇಕು. ಗಣಿಯ ಒಂದೊಂದು ಭಾಗವನ್ನೂ ಹರಾಜು ಹಾಕೋರು. ನಾಲ್ಕೈದು ಜನ ಒಂದು ತಂಡ ಕಟ್ಕೊಂಡು, ಟನ್ನಿಗೆ ಇಷ್ಟು ಅಂತ ಕೂಗಿ ಕೆಲಸ ಹಿಡಿಯೋರು. ಕಲ್ಲು ಮೆತ್ತಗಿದ್ರೆ ನಾಲ್ಕು ಕಾಸು ಉಳೀತು, ಗಟ್ಟಿ ಬಂತೋ, ಹೋಯ್ತು. ಮದ್ದು, ಮೇಣದಬತ್ತಿ, ಉಳಿ ಹರಿತ ಮಾಡಿಸಿದ ಖರ್ಚು ಎಲ್ಲಾ ಅವರ ಲೆಕ್ಕದಲ್ಲೇ ಮುರ್ಕೊಳ್ಳೋರು. ಹೆಸರಿಗೆ ಗುತ್ತಿಗೆದಾರ, ನಷ್ಟ ಮಾತ್ರ ಪೂರ್ತಿ ಅವನದು. ಈಗ ಆ್ಯಪ್ ಹಾಕ್ಕೊಂಡು ಬೈಕ್ ಓಡಿಸೋ ಹುಡುಗರನ್ನ ಪಾಲುದಾರರು ಅಂತಾರಲ್ಲ, ಆ ಥರ.

ಇನ್ನೊಂದು ನಂಟು ಇದೆ. 1811ರ ಹೊತ್ತಿಗೆ ಪ್ಯಾರಿಸ್ ಬೆಟ್ಟದಲ್ಲಿ ಮೇಲಿನ ಒಳ್ಳೆ ಅದಿರೆಲ್ಲ ಮುಗಿದಿತ್ತು. ಆಳಕ್ಕೆ ಇಳೀಬೇಕು ಅಂದಾಗ ಕಾರ್ನ್‌ವಾಲ್‌ನಿಂದ ಜೇಮ್ಸ್ ಟ್ರೆವೀಕ್ ಅನ್ನೋ ಮ್ಯಾನೇಜರ್‌ನ ಕರ್ಸಿದ್ರು. ಅದೇ ಕಾರ್ನ್‌ವಾಲ್ ಜನ 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಗಣಿ ಕಂಪನಿ ಜೊತೆ ನಮ್ಮೂರಿಗೂ ಬಂದ್ರು. ಎಲ್ಲಿ ನೆಲ ತೋಡಬೇಕೋ ಅಲ್ಲಿ ಅವರು ಹಾಜರು. ಅವರ ಬಂಗಲೆ ಇನ್ನೂ ನಿಂತಿವೆ, ನಮ್ಮ ಲೈನ್ ಮನೆಗಳ ಸ್ಥಿತಿ ಬಂದು ನೋಡಿ.

ಹಾಸನದ ಓದುಗಿ

ಬರೀ ಗಂಡಸರ ಲೆಕ್ಕವೇ ಆಯ್ತಲ್ಲ. ಅದಿರು ಒಡೆಯೋರು ಯಾರು?

ಲಿವರ್‌ಪೂಲ್ ಕನ್ನಡಿಗ

ಹೆಂಗಸರೇ, ಮೇಡಂ. ಅವರನ್ನು ತಾಮ್ರದ ಲೇಡಿಗಳು ಅಂತಲೇ ಕರೀತಿದ್ರು. ಶೆಡ್ಡಿನೊಳಗೆ ಸಾಲಾಗಿ ಕೂತು, ಮುಂದೆ ಕಬ್ಬಿಣದ ದಪ್ಪ ತುಂಡು ಇಟ್ಟುಕೊಂಡು, ಎಡಗೈಗೆ ಬೆರಳುಗಳ ಮೇಲೆ ಕಬ್ಬಿಣದ ಬಳೆ ಕೂರಿಸಿದ ಕೈಗವಸು ಹಾಕಿ ಅದಿರು ಹಿಡಿಯೋದು, ಬಲಗೈಯಲ್ಲಿ ಸುತ್ತಿಗೆ. ಅದಿರನ್ನು ಸಣ್ಣ ಸಣ್ಣ ಚೂರು ಮಾಡಿ, ತಾಮ್ರ ಇಲ್ಲದ ಕಲ್ಲನ್ನು ಬೇರೆ ಎಸೆಯಬೇಕು. ಚಿಕ್ಕ ಮಕ್ಕಳೂ ಇದೇ ಕೆಲಸದಲ್ಲಿ ಇರ್ತಿದ್ರು. ಆ ಶಬ್ದದಲ್ಲಿ ಇಡೀ ದಿನ. ವಸ್ತುಸಂಗ್ರಹಾಲಯದಲ್ಲಿ ಆ ಕೈಗವಸಿನ ಮಾದರಿ ನೋಡಿದಾಗ, ಒಂದು ಏಟು ತಪ್ಪಿದರೆ ಏನಾಗಬಹುದು ಅಂತ ಅಲ್ಲೇ ಗೊತ್ತಾಗುತ್ತೆ.

ಒಡೆದ ಅದಿರನ್ನು ಗೂಡುಗಳಲ್ಲಿ ತುಂಬಿ ತಿಂಗಳುಗಟ್ಟಲೆ ಸುಡ್ತಿದ್ರು, ಗಂಧಕ ಹೋಗಲಿ ಅಂತ. ಹೊಗೆಯನ್ನು ಕೊಳವೆಯಲ್ಲಿ ಹಾಯಿಸಿ ಸ್ವಲ್ಪ ಗಂಧಕ ಹಿಡಿದು ಮಾರ್ತಿದ್ರು, ಉಳಿದದ್ದು ಗಾಳಿಗೆ. ಸುತ್ತಲ ಪೆನಿಸಾರ್ನ್, ರೋಸಿಬೋಲ್ ಹಳ್ಳಿಗಳವರು ಉಸಿರಾಡಿದ್ದು ಅದನ್ನೇ. 1819ರಲ್ಲಿ ಮೈಕಲ್ ಫ್ಯಾರಡೆ ವೇಲ್ಸ್ ಸುತ್ತಾಡುವಾಗ ಈ ಗಣಿಗೂ ಬಂದಿದ್ದ. ಆಗ ಅವನಿಗೆ ಇನ್ನೂ 27 ವರ್ಷ.

ತೀರ್ಥಹಳ್ಳಿ ತೋಟ

ಒಂದು ಅನುಮಾನ. ತಾಮ್ರ, ಗಂಧಕ, ಮಳೆನೀರು ಮೂರೂ ಸೇರಿದ್ರೆ ಮೈಲುತುತ್ತದ ನೀರೇ ಆಗ್ಬೇಕಲ್ವಾ? ನಾವು ಅಡಿಕೆಗೆ ವರ್ಷಾ ವರ್ಷ ಹೊಡೆಯೋರು. ಹಾಗಾದ್ರೆ ಆ ಬೆಟ್ಟದ ನೀರಲ್ಲಿ ತಾಮ್ರ ಹರಿದು ಹೋಗ್ತಾ ಇರ್ಬೇಕು. ಅದನ್ನ ಹಿಡಿಯೋರು ಯಾರೂ ಇರ್ಲಿಲ್ವಾ?

ಕೆಮಿಸ್ಟ್ರಿ ಮೇಷ್ಟ್ರು

ತೋಟದವರ ಅನುಮಾನ ನೂರಕ್ಕೆ ನೂರು ಸರಿ. ಹಿಡಿಯೋರೂ ಇದ್ದರು, ಚೆನ್ನಾಗಿಯೇ ಹಿಡಿದರು.

ನೀವು ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕೋ ಸಾಲದೋ ನೋಡೋಕೆ ಕತ್ತಿ ಅಥವಾ ಬ್ಲೇಡು ಅದ್ದುತ್ತೀರಲ್ಲ, ಕಬ್ಬಿಣದ ಮೇಲೆ ಕೆಂಪು ಪದರ ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು ಅಂತ. ಆ ಕೆಂಪು ಪದರ ಅಪ್ಪಟ ತಾಮ್ರ. ಕಬ್ಬಿಣ ನೀರಿಗೆ ಇಳಿಯುತ್ತೆ, ಅದರ ಜಾಗಕ್ಕೆ ತಾಮ್ರ ನೀರಿನಿಂದ ಹೊರಗೆ ಬಂದು ಕೂರುತ್ತೆ. ಪ್ಯಾರಿಸ್ ಬೆಟ್ಟದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ಗಣಿಯ ನೀರನ್ನು ಸಾಲು ಸಾಲು ತೊಟ್ಟಿಗಳಿಗೆ ಬಿಟ್ಟು, ಗುಜರಿ ಕಬ್ಬಿಣ ಸುರಿದು, ಕಬ್ಬಿಣ ಕರಗಿದ ಮೇಲೆ ತಳದ ಕೆಸರನ್ನು ಬಾಚಿದರೆ ತಾಮ್ರ. ನಂತರ ಆ ನೀರನ್ನು ಅಗಲದ ಕೊಳಗಳಲ್ಲಿ ನಿಲ್ಲಿಸಿದರೆ ತುಕ್ಕಿನ ಬಣ್ಣದ ಕಾವಿ ತಳಕ್ಕೆ ಕೂರುತ್ತೆ. ಅದನ್ನು ಒಣಗಿಸಿ ಬಣ್ಣದ ಕಾರ್ಖಾನೆಗಳಿಗೆ ಮಾರಿದರು. ನೆಲ ಅಗೆಯೋದು ನಿಂತ ಮೇಲೂ ಈ ತೊಟ್ಟಿ ಕೆಲಸ ಇಪ್ಪತ್ತನೇ ಶತಮಾನದವರೆಗೆ ನಡೀತು.

ಇದರ ಇನ್ನೊಂದು ಮಗ್ಗುಲು ಕಡಲಲ್ಲಿ ಇತ್ತು. ಮರದ ಹಡಗಿನ ತಳವನ್ನು ಹುಳು ಕೊರೆಯುತ್ತೆ, ಪಾಚಿ, ಚಿಪ್ಪು ಮೆತ್ತಿಕೊಂಡು ವೇಗ ಕಡಿಮೆಯಾಗುತ್ತೆ. ಅದಕ್ಕೆ ಮದ್ದು ತಾಮ್ರದ ತಗಡು ಹೊದಿಸೋದು. 1779ರಿಂದ ಬ್ರಿಟಿಷ್ ನೌಕಾಪಡೆ ಭರದಿಂದ ಎಲ್ಲ ಹಡಗಿಗೂ ಹೊದಿಸತೊಡಗಿತು. ಆದರೆ ಹಲಗೆಗಳನ್ನು ಹಿಡಿದಿದ್ದ ಬೋಲ್ಟುಗಳು ಕಬ್ಬಿಣದವು. ಉಪ್ಪುನೀರಿನಲ್ಲಿ ತಾಮ್ರದ ಪಕ್ಕ ಕಬ್ಬಿಣ ಇದ್ದರೆ ಕಬ್ಬಿಣವೇ ಕರಗೋದು. ತೊಟ್ಟಿಯಲ್ಲಿ ಲಾಭ ತಂದ ಗುಣವೇ ಹಡಗಿನ ಕೀಲು ಸಡಿಲಿಸಿತು. ತಾಮ್ರದ ಬೋಲ್ಟು ಹಾಕೋಣ ಅಂದರೆ ಮೆತ್ತಗೆ, ಬಡಿದರೆ ಬಗ್ಗುತ್ತೆ. 1783ರ ಸುಮಾರಿಗೆ ಕಾಲಿನ್ಸ್ ಮತ್ತು ವೆಸ್ಟ್‌ವುಡ್ ಎಂಬವರು ತಾಮ್ರವನ್ನು ತಣ್ಣಗಿದ್ದಾಗಲೇ ಉರುಳೆಗಳ ನಡುವೆ ಒತ್ತಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅವರ ಬೆನ್ನ ಹಿಂದೆ ಇದ್ದವನು ಪ್ಯಾರಿಸ್ ಗಣಿಯ ಯಜಮಾನ ಥಾಮಸ್ ವಿಲಿಯಮ್ಸ್.

ಸುಮ್ಮನಿರದ ಸೀನ

ಈ ವಿಲಿಯಮ್ಸ್ ಬಗ್ಗೆ ಓದಿದ್ದೀನಿ. ಪಕ್ಕಾ ಬುದ್ಧಿವಂತ. ಬೆಟ್ಟದ ಒಂದು ಪಾಲಿನ ಒಡೆತನದ ಬಗ್ಗೆ ನಿಕೊಲಸ್ ಬೇಲಿಗೂ ಪಾದ್ರಿ ಎಡ್ವರ್ಡ್ ಹ್ಯೂಸ್‌ಗೂ ವ್ಯಾಜ್ಯ ಬಿದ್ದಾಗ ಹ್ಯೂಸ್ ಕಡೆಯ ವಕೀಲನಾಗಿ ಬಂದವನು. ವರ್ಷಗಟ್ಟಲೆ ವ್ಯಾಜ್ಯ ನಡೆಸಿ, ಕೊನೆಗೆ 1778ರಲ್ಲಿ ಹ್ಯೂಸ್ ಮತ್ತು ಒಬ್ಬ ಬ್ಯಾಂಕರ್ ಜೊತೆ ಸೇರಿ ತಾನೇ ಗಣಿ ಕಂಪನಿ ಶುರು ಮಾಡಿದ. 1785ರಲ್ಲಿ ಎದುರುಪಕ್ಷದವರ ಪಾಲಿನ ಮೋನಾ ಗಣಿಯೂ ಅವನ ಕೈಗೇ ಬಂತು. ಅದಿರು ತೆಗೆಯೋದು, ಸ್ವಾನ್ಸಿ ಮತ್ತು ಲ್ಯಾಂಕಶೈರ್‌ನಲ್ಲಿ ಕರಗಿಸೋದು, ಹಾಲಿವೆಲ್‌ನಲ್ಲಿ ತಗಡು ಮಾಡೋದು, ಮಾರೋದು ಎಲ್ಲ ಒಬ್ಬನೇ. ತಾಮ್ರದ ರಾಜ ಅಂತ ಸುಮ್ಮನೆ ಕರೆದರಾ? ಮೊದಲು ಮೀನು ಹಿಡಿಯೋರ ಹಳ್ಳಿಯಾಗಿದ್ದ ಆಮ್ಲುಖ್‌ನಲ್ಲಿ 1801ರ ಜನಗಣತಿ ಹೊತ್ತಿಗೆ ಸುಮಾರು 5000 ಜನ. ಎಲ್ಲದಕ್ಕೂ ಶೋಷಣೆ ಅನ್ನೋ ಕನ್ನಡಕ ಹಾಕ್ಕೊಂಡು ನೋಡ್ಬೇಡಿ. ಗಣಿ ಇಲ್ಲದಿದ್ರೆ ಆ ಊರೇ ಇರ್ತಿರಲಿಲ್ಲ.

ಚಾಂಪಿಯನ್ ರೀಫ್

ಊರು ಬೆಳೀತು ಅನ್ನೋದು ಸರಿ ಸೀನಣ್ಣ. ದುಡ್ಡು ಎಲ್ಲಿ ಹೋಯ್ತು ಅನ್ನೋದು ತಾನೇ ಪ್ರಶ್ನೆ? ಬೇಲಿ ಮಗ ಅರ್ಲ್ ಆದ. ಹ್ಯೂಸ್ ಪಾದ್ರಿ ದೊಡ್ಡ ಎಸ್ಟೇಟ್ ಕೊಂಡ, ಅವನ ಮಗ ಲಾರ್ಡ್ ಆದ. ವಿಲಿಯಮ್ಸ್ 1790ರಲ್ಲಿ ಇಂಗ್ಲೆಂಡಿನ ಒಂದು ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದ. ಪು ಮನೆಗೆ ಹೋದ, ವಿಸ್ಕಿ ಬಾಟ್ಲಿ ಹಿಡ್ಕೊಂಡು.

ಹಾಸನದ ಓದುಗಿ

ಇನ್ನೂ ಒಂದು ವಿಷಯ ಸೇರಿಸ್ತೀನಿ. 1788ರಲ್ಲಿ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಎಷ್ಟು ಜನರನ್ನು ತುಂಬಬಹುದು ಅಂತ ಮಿತಿ ಹಾಕುವ ಮಸೂದೆ ಪಾರ್ಲಿಮೆಂಟಿಗೆ ಬಂತು. ಅದನ್ನು ವಿರೋಧಿಸಿ ಅರ್ಜಿ ಕೊಟ್ಟವರಲ್ಲಿ ಇದೇ ಥಾಮಸ್ ವಿಲಿಯಮ್ಸ್ ಒಬ್ಬ. ಆಫ್ರಿಕಾ ವ್ಯಾಪಾರಕ್ಕೆ ಬೇಕಾದ ತಾಮ್ರ, ಹಿತ್ತಾಳೆ ಸಾಮಾನು ಮಾಡೋಕೆ 70,000 ಪೌಂಡಿಗೂ ಹೆಚ್ಚು ಹಾಕಿದ್ದೇನೆ, ಮಸೂದೆ ಬಂದರೆ ಮುಳುಗುತ್ತೇನೆ ಅಂತ ಅವನ ವಾದ. ಪಶ್ಚಿಮ ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳೋಕೆ ಕೊಡುತ್ತಿದ್ದ ಕಡಗ, ಬೋಗುಣಿಗಳು ಅವು. ಲಿವರ್‌ಪೂಲ್ ಅಣ್ಣಾ, ಆ ವಸ್ತುಸಂಗ್ರಹಾಲಯಕ್ಕೆ ಮತ್ತೆ ಹೋದರೆ ಇದನ್ನ ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ ನೋಡ್ಕೊಂಡು ಬನ್ನಿ.

ಸುಮ್ಮನಿರದ ಸೀನ

ಅದು ಆ ಕಾಲದ ಎಲ್ಲ ವ್ಯಾಪಾರಿಗಳ ಕಥೆ, ಮೇಡಂ.

ಹಾಸನದ ಓದುಗಿ

ಮಸೂದೆ ತಂದವರೂ ಅದೇ ಕಾಲದವರೇ, ಸೀನಣ್ಣ. ಆಮೇಲೆ ಅದು ಪಾಸೂ ಆಯ್ತು.

ದುರ್ಗದ ಕಲ್ಲು

ನಮ್ಮ ಇಂಗಳದಾಳ್ ಹೆಸರು ಎತ್ತಿದ್ದಕ್ಕೆ ಬಂದೆ. ದುರ್ಗದಿಂದ ಹತ್ತಿರಾನೇ, ಜೋಗಿಮಟ್ಟಿ ಗುಡ್ಡಸಾಲು ಕಾಣೋ ದೂರದಾಗೆ ಐತೆ. ಅಲ್ಲೂ ಹಳೇ ಕಾಲದೋರು ತಾಮ್ರಕ್ಕೆ ತೋಡಿದ ಗುಂಡಿ ಇದ್ವು. ಆಮೇಲೆ ಸರ್ಕಾರಿ ಕಂಪನಿ ಬಂದು ಸುರಂಗ ಇಳಿಸ್ತು. ಬಸ್ಸು, ಸೈರನ್ನು, ಕ್ವಾರ್ಟರ್ಸು ಎಲ್ಲಾ ಇತ್ತು. ಈಗ ಗಣಿ ಮುಚ್ಚೈತೆ. ಸುತ್ತ ಗುಡ್ಡದ ಮ್ಯಾಲೆ ಗಾಳಿ ಫ್ಯಾನು ತಿರುಗ್ತಾವೆ.

ಒಂದು ಮಜಾ ಹೇಳ್ತೀನಿ ಕೇಳ್ರಿ. ಎರಡೂ ಗುಡ್ಡ ಹುಟ್ಟಿದ್ದು ಒಂದೇ ಥರ, ಸಮುದ್ರದ ತಳದಾಗೆ! ಜ್ವಾಲಾಮುಖಿ ಕಾವಿಗೆ ಬಿಸಿಯಾದ ನೀರು ಬಂಡೆ ಸಂದಿಯಿಂದ ಮೇಲೆ ಚಿಮ್ಮಿ, ತಣ್ಣನೆ ಸಮುದ್ರ ತಾಗಿದ ಕೂಡ್ಲೆ ತಾಮ್ರ, ಕಬ್ಬಿಣ, ಗಂಧಕ ಎಲ್ಲಾ ಗಟ್ಟಿಯಾಗಿ ಕೂತ್ಕಂಡವು. ಪ್ಯಾರಿಸ್ ಬೆಟ್ಟದ್ದು ಸುಮಾರು 44 ಕೋಟಿ ವರ್ಷದ್ದು. ನಮ್ಮದು 250 ಕೋಟಿಗೂ ಹಿಂದಿಂದು. ನಂಬದಿದ್ರೆ ಮರಡಿಹಳ್ಳಿಗೆ ಬರ್ರಿ, ಐಮಂಗಲದ ಕಡೆ. ನೀರೊಳಗೆ ಉಕ್ಕಿದ ಲಾವಾ ದಿಂಬಿನಾಕಾರದಾಗೆ ಹೆಪ್ಪುಗಟ್ಟಿರೋದು ಕಣ್ಣಿಗೇ ಕಾಣ್ತೈತೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೂ ಐತೆ. ದುರ್ಗಕ್ಕೆ ಬಂದೋರು ಕೋಟೆ, ಒನಕೆ ಕಿಂಡಿ ನೋಡ್ಕಂಡು ವಾಪಸ್ ಹೋಗ್ತಾರೆ, ಇಲ್ಲಿಗೆ ನಾಯಿನೂ ಬರಲ್ಲ.

ಅಂದಂಗೆ ಆ ಪ್ಯಾರಿಸ್ ಬೆಟ್ಟದಾಗೂ ಹಳೇ ಕಾಲದ ಗುಂಡಿ ಇರ್ಬೇಕಲ್ಲ?

ಲಿವರ್‌ಪೂಲ್ ಕನ್ನಡಿಗ

ಇವೆ. ದುಂಡನೆ ಕಲ್ಲಿನ ಸುತ್ತಿಗೆಗಳು ಸಿಕ್ಕಿದ್ದರಿಂದ ಬಹಳ ಹಿಂದೆಯೇ ಅನುಮಾನ ಇತ್ತು. ಆಮೇಲೆ ಅಲ್ಲಿನ ಇದ್ದಿಲನ್ನು ಪರೀಕ್ಷೆ ಮಾಡಿದಾಗ ಸುಮಾರು 3500ರಿಂದ 4000 ವರ್ಷ ಹಿಂದಿನ ಕಂಚಿನ ಯುಗದ್ದು ಅಂತ ಖಚಿತ ಆಯ್ತು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟ ಮೇಲೆ ಕಲ್ಲಿನಿಂದ ಕುಟ್ಟೋದು ಅವರ ಕ್ರಮ. ಹದಿನೆಂಟನೇ ಶತಮಾನದವರು ತೋಡುವಾಗ ಆ ಪುರಾತನ ಸುರಂಗಗಳನ್ನೇ ಹಾದು ಹೋಗಿದ್ದಾರೆ.

ವಕೀಲೆ, ಧಾರವಾಡ

ಹಳೇದೆಲ್ಲಾ ಛಲೋ ಆತು, ಈಗಿನ ಮಾತು ಆಡೋಣ್ರಿ. ಆ ಮೈಲುತುತ್ತದ ನೀರು ಎಲ್ಲಿ ಹೋತು ಅಂತ ಯಾರೂ ಕೇಳ್ಲಿಲ್ಲ.

ಅದು ಅವೋನ್ ಗೋಖ್ ಅನ್ನೋ ಹಳ್ಳಕ್ಕ ಹೋಗ್ತದ. ಇದರ ಆಮ್ಲತೆ ವಿನೆಗರ್‌ಗೆ ಸಮ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು. ಮೀನು ಇಲ್ಲ, ಕಪ್ಪೆ ಇಲ್ಲ. ಆಮ್ಲದಾಗ ಬದುಕೋ ಬ್ಯಾಕ್ಟೀರಿಯಾಗಳಷ್ಟೇ ಅಲ್ಲಿ ಸುಖವಾಗಿದ್ದಾವ, ಬ್ಯಾಂಗರ್ ವಿಶ್ವವಿದ್ಯಾಲಯದವರು ಅವುಗಳ ಮ್ಯಾಲೆ ಸಂಶೋಧನಾ ಮಾಡ್ಯಾರ. ಐರಿಶ್ ಸಮುದ್ರಕ್ಕ ತಾಮ್ರ, ಸತು ಹೊತ್ತು ತರೋದ್ರಾಗ ಇಷ್ಟು ಸಣ್ಣ ಹಳ್ಳ ದೊಡ್ಡ ನದಿಗಳ ಜೋಡಿ ಪೈಪೋಟಿ ಮಾಡ್ತಿತ್ತು.

ಗಣಿಯೊಳಗ ನೀರು ತಡೀಲಿಕ್ಕೆ ಒಂದು ಹಳೇ ಒಡ್ಡು ಇತ್ತು, ಅದರ ಹಿಂದ ದಶಕಗಟ್ಟಲೆ ನೀರು ತುಂಬಿಕೊಂಡಿತ್ತು. ಒಡ್ಡು ಒಡದ್ರ ಅಷ್ಟೂ ಆಮ್ಲದ ನೀರು ಆಮ್ಲುಖ್ ಊರಿನ ಮ್ಯಾಲೆ ಬರ್ತದ ಅಂತ ಅಂಜಿ, 2003ರಾಗ ನೀರು ಪಂಪ್ ಮಾಡಿ ತಗದು ಒಡ್ಡು ತಗದ್ರು. ದಕ್ಷಿಣಕ್ಕ ದುಲಾಸ್ ಕೊಲ್ಲಿ ಕಡೆ ಹೋಗೋ ಹಳ್ಳ ಸ್ವಲ್ಪ ಸುಧಾರಿಸ್ತು. ಉತ್ತರಕ್ಕ ಊರ ಕಡೆ ಹರಿಯೋದು ಅಷ್ಟು ಜಾಸ್ತಿ ಆತು. ಒಬ್ಬರ ಬಾಗಿಲಾಗಿಂದು ಇನ್ನೊಬ್ಬರ ಬಾಗಿಲಿಗೆ ಅಷ್ಟ.

ಹೊಣೆ ಯಾರದು? ಬ್ರಿಟನ್ ಕಾನೂನಿನಾಗ 1999ರ ಡಿಸೆಂಬರ್ 31ಕ್ಕಿಂತ ಮೊದಲು ಬಿಟ್ಟು ಹೋದ ಗಣಿಯ ನೀರಿಗೆ ಮಾಲೀಕರನ್ನ ಹಿಡಿಯೋದು ಬಹಳ ಕಷ್ಟ. ಅಂದ್ರ ಖರ್ಚು ಸರ್ಕಾರದ್ದು, ಜನರ ತೆರಿಗಿ. ನಮ್ಮ ದೇಶದಾಗ ಗಣಿ ಮುಚ್ಚೋ ಯೋಜನೆ ಕೊಡಬೇಕು ಅನ್ನೋ ನಿಯಮ ಬಂದಿದ್ದು 2003ರಾಗ. ಅದಕ್ಕೂ ಮೊದಲು ಮುಚ್ಚಿದ್ದು ಹಂಗ ಬಿದ್ದಾವ. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರಿ.

ಚಾಂಪಿಯನ್ ರೀಫ್

ಅದನ್ನ ನಮಗೆ ಹೇಳ್ಬೇಕಾ ಮೇಡಂ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬಗಳು ಎದುರಿಗೇ ಇವೆ. ಬೇಸಿಗೆ ಗಾಳಿ ಎದ್ರೆ ಬಿಳೀ ಧೂಳು ಬಟ್ಟೆ ಮೇಲೆ, ಅನ್ನದ ಮೇಲೆ. ಸಿನಿಮಾ ಬಂದ ಮೇಲೆ ಆ ದಿಬ್ಬದ ಮುಂದೆ ಸೆಲ್ಫಿ ತೆಗೆಸ್ಕೊಳ್ಳೋರು ಜಾಸ್ತಿ ಆಗಿದ್ದಾರೆ.

ಸುಮ್ಮನಿರದ ಸೀನ

ಇದನ್ನ ಒಪ್ತೀನಿ. ಲಾಭ ತಿಂದವರೇ ಗುಂಡಿ ಮುಚ್ಚಬೇಕು. ಆದರೆ ಹೊಸ ಗಣಿಯೇ ಬೇಡ ಅನ್ನೋದಕ್ಕೆ ನಾನಿಲ್ಲ. ಪ್ಯಾರಿಸ್ ಬೆಟ್ಟದ ಕೆಳಗೆ ಇನ್ನೂ ಸತು, ತಾಮ್ರ, ಸೀಸ ಇದೆ ಅಂತ ಒಂದು ಕಂಪನಿ 1980ರ ದಶಕದ ಕೊನೆಯಲ್ಲಿ ಮುನ್ನೂರು ಮೀಟರ್ ಆಳದ ಬಾವಿ ಇಳಿಸಿತ್ತು. ಲೋಹದ ಬೆಲೆ ಬಿದ್ದು ನಿಂತುಹೋಯ್ತು. ಎಲೆಕ್ಟ್ರಿಕ್ ಕಾರು, ಸೋಲಾರು ಬೇಕು ಅನ್ನೋರು ತಾಮ್ರ ಎಲ್ಲಿಂದ ಬರುತ್ತೆ ಅಂತಾನೂ ಹೇಳ್ಬೇಕಲ್ವಾ?

ಲಿವರ್‌ಪೂಲ್ ಕನ್ನಡಿಗ

ಆಮ್ಲುಖ್ ಜನರಲ್ಲೂ ಕೆಲವರದು ಇದೇ ಮಾತು. ಊರಿನ ಬ್ರೋಮಿನ್ ಕಾರ್ಖಾನೆ 2004ರಲ್ಲಿ ಮುಚ್ಚಿತು, ಪಕ್ಕದ ವಿಲ್ಫಾ ಅಣುಸ್ಥಾವರ 2015ರಲ್ಲಿ ನಿಂತಿತು. ಹುಡುಗರಿಗೆ ಕೆಲಸ ಬೇಕು. ಗಣಿ ಅಂದರೆ ಸಿಟ್ಟು ಬರೋದು ನನ್ನಂಥ ಹೊರಗಿನವರಿಗೇ ಜಾಸ್ತಿ ಅನ್ನಿಸುತ್ತೆ.

ತೀರ್ಥಹಳ್ಳಿ ತೋಟ

ಮಗಳು ಮ್ಯಾಂಚೆಸ್ಟರ್‌ನಲ್ಲಿ ಓದ್ತಾ ಇದಾಳೆ. ಅಡಿಕೆ ಕೊಯ್ಲು ಮುಗಿದ ಮೇಲೆ ಹೋಗೋದಿದೆ. ಬೆಟ್ಟ ನೋಡೋಕೆ ಹೇಗೆ ಹೋಗೋದು? ಕತ್ತಿ ಅದ್ದಿ ನೋಡ್ಬೇಕು ಅಂತ ಆಸೆ ಆಗಿದೆ.

ಲಿವರ್‌ಪೂಲ್ ಕನ್ನಡಿಗ

ಬ್ಯಾಂಗರ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಆಮ್ಲುಖ್‌ಗೆ ಇದ್ದ ಪ್ರಯಾಣಿಕರ ರೈಲು 1964ರಲ್ಲೇ ನಿಂತುಹೋಗಿದೆ. ಕಾರಿದ್ದರೆ ಆಮ್ಲುಖ್‌ನಿಂದ ರೋಸಿಬೋಲ್ ಕಡೆ ಹೋಗುವ ದಾರಿಯಲ್ಲೇ ನಿಲ್ಲಿಸೋ ಜಾಗ ಇದೆ, ಟಿಕೆಟ್ ಇಲ್ಲ. ಗುರುತು ಹಾಕಿದ ಕಾಲುದಾರಿ ಬಿಟ್ಟು ಇಳಿಯಬೇಡಿ, ಅಂಚು ಕುಸಿಯುತ್ತೆ. ತುದಿಯಲ್ಲಿ 1878ರ ಗಾಳಿಯಂತ್ರದ ಗೋಪುರ ಇದೆ, ರೆಕ್ಕೆ ಇಲ್ಲ. ಒಳ್ಳೆ ಶೂ ಹಾಕ್ಕೊಂಡು ಹೋಗಬೇಡಿ, ಕಾವಿ ಹತ್ತಿದರೆ ಹೋಗಲ್ಲ.

ಮತ್ತೆ ಕತ್ತಿ ದಯವಿಟ್ಟು ಬೇಡ. ಈ ದೇಶದಲ್ಲಿ ಕತ್ತಿ ಹಿಡ್ಕೊಂಡು ಓಡಾಡಿದರೆ ಪೊಲೀಸರು ಎತ್ತಾಕೊಂಡು ಹೋಗ್ತಾರೆ. ಎರಡು ಕಬ್ಬಿಣದ ಮೊಳೆ ಜೇಬಲ್ಲಿಟ್ಕೊಳ್ಳಿ, ದಾರಕ್ಕೆ ಕಟ್ಟಿ ಇಳಿಬಿಡಿ. ನೀರಿಗೆ ಕೈ ಹಾಕಬೇಡಿ.

ತೀರ್ಥಹಳ್ಳಿ ತೋಟ

ಮೊಳೆ ಸರಿ. ಮಗಳಿಗೆ ಈಗ್ಲೇ ಹೇಳಲ್ಲ, ಬರೋದೇ ಬೇಡ ಅಂತಾಳೆ.